ನಮ್ಮ ಮನೆಯ ವೈಫೈ ಯಾರ್ಯಾರ ಕೈಯಲ್ಲಿದೆ?



ಕಳೆದ ರಾಜ್ಯೋತ್ಸವದ ದಿನ ಧಾರೂರಿನ ನಮ್ಮ ಸಂಘದ ಕೋಣೆಯಲ್ಲಿ ಆದ ಫಜೀತಿ ಬಂದಿದ್ದವರಿಗೆಲ್ಲ ನೆನಪಿರಬೇಕು. ಬೆಂಗಳೂರಿನಿಂದ ವಿಡಿಯೊ ಮೂಲಕ ಮಾತನಾಡಬೇಕಿದ್ದ ಅತಿಥಿಗಳು ಟಿವಿ ಪರದೆಯ ಮೇಲೆ ಬಂದು ಕೈ ಮುಗಿದರು. ಮುಗಿದ ಕೈ ಹಾಗೆಯೇ ನಿಂತಿತು. ಹತ್ತು ನಿಮಿಷ ಕಾದು, ಕೊನೆಗೆ ಸದಸ್ಯರೊಬ್ಬರ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಹೇಗೋ ಕಾರ್ಯಕ್ರಮ ಮುಗಿಸಿದೆವು. ಲೈನ್ ಕೊಟ್ಟವರ ಮೇಲೆ ಎಲ್ಲರಿಗೂ ಸಿಟ್ಟು ಬಂತು. ನಾನಂತೂ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ ಜೋರಾಗಿ ಮಾತನಾಡಿದೆ.

ನೋಡಲು ಬಂದ ಹುಡುಗ ಪೆಟ್ಟಿಗೆಯ ದೀಪ ನೋಡಿದ, ವೇಗ ಅಳೆದ, ಆಮೇಲೆ ತನ್ನ ಫೋನಿನಲ್ಲಿ ರೂಟರಿನ ಪುಟ ತೆರೆದು ನನ್ನ ಮುಂದೆ ಹಿಡಿದ. "ಸರ್, ಲೈನ್ ಸರಿ ಅದ. ನಿಮ್ಮ ಪಟ್ಟಿ ಒಂದ್ಸಲ ನೋಡ್ರಿ." ಹಿಂದಿನ ದಿನ ನಮ್ಮ ವೈಫೈಗೆ ಸೇರಿಕೊಂಡ ಸಾಧನಗಳ ಪಟ್ಟಿ ಅದು. ಸಭೆಗೆ ಬಂದಿದ್ದವರು ನಲವತ್ತು ಜನ, ಪಟ್ಟಿಯಲ್ಲಿ 31 ಫೋನು. ಅವುಗಳ ನಡುವೆ ಪಕ್ಕದ ಅಂಗಡಿಯ ಟಿವಿ ಕೂಡ ಇತ್ತು. ಅದಕ್ಕೆ ಪಾಸ್‌ವರ್ಡ್ ಯಾರು ಕೊಟ್ಟರೋ ಇವತ್ತಿಗೂ ಗೊತ್ತಾಗಿಲ್ಲ. ಆದರೆ 31 ಫೋನಿಗೆ ಕೊಟ್ಟವನು ನಾನೇ. ಬಂದವರಿಗೆ ಅನುಕೂಲವಾಗಲಿ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೆ.

"ಸಭೆಯಲ್ಲಿ ಯಾರೂ ಫೋನ್ ನೋಡುತ್ತಿರಲಿಲ್ಲವಲ್ಲ" ಎಂದು ನಾನು ವಾದಿಸಿದೆ. ಅವನು ನಕ್ಕ. ಫೋನು ಜೇಬಿನಲ್ಲಿದ್ದರೂ ಸುಮ್ಮನಿರುವುದಿಲ್ಲವಂತೆ. ವೈಫೈ ಸಿಕ್ಕಿತೆಂದರೆ ಪ್ಲೇ ಸ್ಟೋರ್ ತನ್ನ ಆ್ಯಪ್‌ಗಳನ್ನು ಹೊಸದು ಮಾಡಿಕೊಳ್ಳಲು ಶುರು ಮಾಡುತ್ತದೆ. ಗೂಗಲ್ ಫೋಟೋಸ್ ಇಷ್ಟು ದಿನ ಉಳಿಸಿಕೊಂಡಿದ್ದ ಚಿತ್ರಗಳನ್ನೆಲ್ಲ ಮೇಲಕ್ಕೆ ಕಳಿಸುತ್ತದೆ. ಮೊಬೈಲ್ ಡೇಟಾ ಖರ್ಚಾಗಬಾರದೆಂದು ಅವು ವೈಫೈಗಾಗಿಯೇ ಕಾದು ಕುಳಿತಿರುತ್ತವೆ. ಬೆಳಿಗ್ಗೆ ಧ್ವಜಾರೋಹಣದ ವಿಡಿಯೊವನ್ನು ಎಲ್ಲರೂ ತೆಗೆದಿದ್ದೆವು. 31 ಫೋನು ಒಟ್ಟಿಗೆ ಅದನ್ನು ಕಳಿಸಲು ಕುಳಿತರೆ ಅತಿಥಿಗಳು ಕೈ ಮುಗಿದುಕೊಂಡೇ ನಿಲ್ಲಬೇಕಲ್ಲವೆ.

ಈ ವಿಷಯವನ್ನು ಎರಡು ಮೂರು ಸದಸ್ಯರಿಗೆ ಹೇಳಿದ್ದೇ ತಡ, ಒಂದೊಂದು ಊರಿಂದ ಒಂದೊಂದು ಪ್ರಶ್ನೆ ಬಂತು. ತಾಂಡೂರಿನವರು, "ಮೇಲಿನ ಮನೆಯ ಕಿರಾಯಿದಾರರಿಗೆ ಪಾಸ್‌ವರ್ಡ್ ಕೊಟ್ಟೀವಿ, ಈಗ ಹ್ಯಾಂಗ ತೆಗೀಬೇಕು?" ಎಂದರು. ಜಹೀರಾಬಾದಿನ ಅಕ್ಕನವರಿಗೆ, ಮಗ ಹಾಕಿಸಿಕೊಟ್ಟ ಸಿಸಿ ಕ್ಯಾಮೆರಾವನ್ನು ಬೇರೆಯವರು ನೋಡುತ್ತಾರೇನೋ ಎಂಬ ಅಂಜಿಕೆ. ನಾರಾಯಣಖೇಡದ ಹಿರಿಯರೊಬ್ಬರದು ಮೊಮ್ಮಗನ ರಾತ್ರಿ ಹನ್ನೆರಡರ ಆಟದ ಚಿಂತೆ. ಗುಮಾಸ್ತನಾಗಿ ಮೂವತ್ತು ವರ್ಷ ಹಾಜರಿ ಪುಸ್ತಕ, ಟಪಾಲು ರಿಜಿಸ್ಟರ್ ಬರೆದವನು ನಾನು. ಈ ಕೆಲಸವೂ ಕೊನೆಗೆ ರಿಜಿಸ್ಟರ್ ಕೆಲಸವೇ ಅನಿಸಿತು. ಆ ಹುಡುಗನಿಂದ ಕಲಿತು, ಮನೆಯ ಪೆಟ್ಟಿಗೆಯಲ್ಲಿ ಮಾಡಿ ನೋಡಿ, ಎರಡು ಸಲ ಕೆಡಿಸಿ, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು. ಮನೆಯ ವೈಫೈಗೆ ಇರುವುದು ಒಂದೇ ಪಾಸ್‌ವರ್ಡ್. ಅದು ವ್ಯಕ್ತಿಗೆ ಕೊಟ್ಟ ಪಾಸ್ ಅಲ್ಲ, ಬಾಗಿಲಿನ ಕೀಲಿ. ಒಬ್ಬರಿಗೆ ಕೊಟ್ಟರೆ ಅವರ ಫೋನಿನಲ್ಲಿ ಉಳಿಯುತ್ತದೆ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ವೈಫೈ ಹೆಸರನ್ನು ಒತ್ತಿ 'ಶೇರ್' ಎಂದರೆ ಒಂದು ಕ್ಯೂಆರ್ ಚಿತ್ರ ಬರುತ್ತದೆ, ಎಷ್ಟೋ ಫೋನುಗಳಲ್ಲಿ ಅದರ ಕೆಳಗೆ ಪಾಸ್‌ವರ್ಡೂ ಕಾಣುತ್ತದೆ. "ಕಾಕಾ, ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಬೇಕಾಗ್ಯದ, ಪಾಸ್‌ವರ್ಡ್ ಹಾಕಿ ಕೊಡ್ರಿ" ಎಂದು ಬಂದ ಓಣಿಯ ಹುಡುಗನಿಗೆ ನಾವೇ ಕೈಯಾರೆ ಒತ್ತಿಕೊಟ್ಟು, 'ಅವನಿಗೆ ಪಾಸ್‌ವರ್ಡ್ ಕಾಣಲಿಲ್ಲ' ಎಂದು ನೆಮ್ಮದಿಯಿಂದ ಇರುತ್ತೇವೆ. ಅವನ ಗೆಳೆಯ ಆ ಕ್ಯೂಆರ್‌ಗೆ ಫೋನ್ ಹಿಡಿದರೆ ಅರ್ಧ ನಿಮಿಷದ ಕೆಲಸ. ಹುಡುಗರ ತಪ್ಪೇನೂ ಇಲ್ಲ, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಾರೆ.

ಹಂಚಿಕೊಂಡರೆ ಏನಾಯಿತು, ಸ್ವಲ್ಪ ನಿಧಾನ ಆಗಬಹುದು ಅಷ್ಟೇ ತಾನೆ ಎಂದು ಕೇಳುವವರಿದ್ದಾರೆ. ಅಷ್ಟೇ ಅಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟ ಆಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಮಾಧ್ಯಮದವರಿಗೆ ಒಂದು ಇಮೇಲ್ ಹೋಗಿತ್ತು. ಪೊಲೀಸರು ಅದರ ಜಾಡು ಹಿಡಿದು ತಲುಪಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಆತನಿಗೂ ಆ ಇಮೇಲಿಗೂ ಸಂಬಂಧವಿರಲಿಲ್ಲ. ಆತನ ವೈಫೈ ಬಳಸಿ ಬೇರೆ ಯಾರೋ ಕಳಿಸಿದ್ದರು. ಅದು ತಿಳಿಯುವ ಹೊತ್ತಿಗೆ ಕಂಪ್ಯೂಟರ್ ಜಪ್ತಿ, ದಿನಗಟ್ಟಲೆ ವಿಚಾರಣೆ ಎಲ್ಲ ಆಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಮುಂಬೈಯ ಒಂದು ಕಾಲೇಜಿನ ವೈಫೈಯಿಂದ, ಸೆಪ್ಟೆಂಬರಿನಲ್ಲಿ ದೆಹಲಿ ಸ್ಫೋಟದ ಹೊತ್ತಿಗೆ ಚೆಂಬೂರಿನ ಒಂದು ಕಂಪನಿಯ ವೈಫೈಯಿಂದ ಇಂಥವೇ ಇಮೇಲು ಹೋದವು. ಆಮೇಲೆ 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ, ವೈಫೈಯನ್ನು ಭದ್ರವಾಗಿ ಇಟ್ಟುಕೊಳ್ಳುವ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ಇದು ಯಾಕೆ ಹೀಗೆ ಎಂದರೆ, ಮನೆಯೊಳಗೆ ಹತ್ತು ಫೋನಿದ್ದರೂ ಹೊರಗಿನ ಜಗತ್ತಿಗೆ ಕಾಣುವುದು ಕನೆಕ್ಷನಿನ ಒಂದೇ ವಿಳಾಸ. ಒಳಗಿನ ಟೇಬಲ್ ಯಾವುದೇ ಇರಲಿ, ಹೊರಹೋಗುವ ಪತ್ರದ ಮೇಲೆ ಕಚೇರಿಯ ಒಂದೇ ಮೊಹರು ಬೀಳುವಂತೆ. ಯಾವ ಹೊತ್ತಿನಲ್ಲಿ ಯಾವ ಗ್ರಾಹಕನಿಗೆ ಯಾವ ವಿಳಾಸ ಇತ್ತು ಎಂಬ ದಾಖಲೆಯನ್ನು ಕಂಪನಿಗಳು ಕನಿಷ್ಠ 2 ವರ್ಷ ಇಡಬೇಕೆಂದು 2021ರ ಡಿಸೆಂಬರಿನಿಂದ ನಿಯಮವಿದೆ. ಆ ದಾಖಲೆಯಲ್ಲಿ ಇರುವುದು ಆಧಾರ್ ಕೊಟ್ಟು ಕನೆಕ್ಷನ್ ತೆಗೆದುಕೊಂಡ ನಿಮ್ಮ ಹೆಸರು. ಮೇಲಿನ ಮನೆಯ ಹುಡುಗ ಯಾರಿಗೋ ಕೆಟ್ಟ ಸಂದೇಶ ಕಳಿಸಿದರೂ ಮೊದಲು ತಟ್ಟುವುದು ನಿಮ್ಮ ಬಾಗಿಲನ್ನೇ.

ಇನ್ನು ಪಟ್ಟಿ ನೋಡುವ ವಿಧಾನ. ರೂಟರ್ ಪೆಟ್ಟಿಗೆಯನ್ನು ತಿರುಗಿಸಿದರೆ ಕೆಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 192.168.1.1 ಅಥವಾ 192.168.0.1 ಎಂಬಂಥ ಸಂಖ್ಯೆ, ಒಂದು ಯೂಸರ್ ಹೆಸರು, ಒಂದು ಪಾಸ್‌ವರ್ಡ್ ಇರುತ್ತದೆ. ವೈಫೈಗೆ ಸೇರಿದ ಫೋನಿನಲ್ಲೇ ಕ್ರೋಮ್ ತೆರೆದು ಮೇಲಿನ ಸಾಲಿನಲ್ಲಿ ಆ ಸಂಖ್ಯೆ ಹಾಕಿದರೆ ರೂಟರಿನ ಪುಟ ಬರುತ್ತದೆ. ಕಂಪನಿಯ ಆ್ಯಪ್ ಇದ್ದರೆ ಅದರಲ್ಲೇ ನೋಡಬಹುದು. ಅಲ್ಲಿ 'ಕನೆಕ್ಟೆಡ್ ಡಿವೈಸಸ್' ಅಥವಾ 'ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್' ಎಂಬುದೇ ನಿಮ್ಮ ಮನೆಯ ಹಾಜರಿ ಪುಸ್ತಕ. ಪುಟವೆಲ್ಲ ಇಂಗ್ಲಿಷಿನಲ್ಲೇ ಇರುತ್ತದೆ ಎಂಬುದು ನನ್ನ ಹಳೆಯ ದೂರು, ಏನು ಮಾಡುವುದು.

ಒಳಗೆ ಹೋದವರು ಮೊದಲು ಆ ಪುಟದ ಪಾಸ್‌ವರ್ಡನ್ನೇ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಈ ಪುಟದ ಪಾಸ್‌ವರ್ಡ್ ಬೇರೆ. ಎಷ್ಟೋ ಮನೆಗಳಲ್ಲಿ ಇದು ಇನ್ನೂ 'ಅಡ್ಮಿನ್', 'ಅಡ್ಮಿನ್' ಎಂದೇ ಇದೆ. ಅಂದರೆ ವೈಫೈಗೆ ಸೇರಿದ ಯಾರು ಬೇಕಾದರೂ ನಿಮ್ಮ ರಿಜಿಸ್ಟರ್ ತೆರೆದು ತಿದ್ದಬಹುದು.

ಪಟ್ಟಿಯಲ್ಲಿ ಪ್ರತಿ ಸಾಧನದ ಮುಂದೆ ಒಂದು ಉದ್ದದ ಸಂಖ್ಯೆ ಕಾಣುತ್ತದೆ, ಎರಡೆರಡರಂತೆ ಆರು ಜೋಡಿ, ಒಟ್ಟು 12 ಅಕ್ಷರ. ಇದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಕಾರ್ಖಾನೆಯಲ್ಲೇ ಸಾಧನಕ್ಕೆ ಕೊಡುವ ನಂಬರ್ ಇದು. ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯದು, ಉಳಿದ ಮೂರು ಆ ಸಾಧನದ್ದು. ರೂಟರಿನಲ್ಲಿ 'ಮ್ಯಾಕ್ ಫಿಲ್ಟರ್' ಎಂಬ ಜಾಗವಿದ್ದು, 'ಇವರನ್ನು ಬಿಡಬೇಡ' ಎಂದೋ 'ಇವರನ್ನು ಬಿಟ್ಟು ಬೇರೆ ಯಾರನ್ನೂ ಬಿಡಬೇಡ' ಎಂದೋ ಪಟ್ಟಿ ಮಾಡಬಹುದು. ನೋಡಿದ ಕೂಡಲೇ ನನ್ನಂಥ ಗುಮಾಸ್ತನಿಗೆ ಇದಕ್ಕಿಂತ ಚೆಂದದ್ದು ಇಲ್ಲ ಅನಿಸಿತು. ಗುರುತಿಲ್ಲದ ಐದು ನಂಬರುಗಳನ್ನು ಅದೇ ಸಂಜೆ ತಡೆದೆ. ಮೂರನೆಯ ದಿನ ನೋಡಿದರೆ ಹೊಸ ನಂಬರು ಎರಡು ಬಂದು ಕುಳಿತಿದ್ದವು. ನನ್ನ ಹೆಂಡತಿಯ ಫೋನು ಮಾತ್ರ ಹೊರಗೇ ಉಳಿದಿತ್ತು. ಅದಕ್ಕೆ ಬೈಸಿಕೊಂಡದ್ದು ಬೇರೆ.

ಆದದ್ದು ಇದು. ಅಂಗಡಿ, ಮಾಲ್‌ಗಳವರು ಈ ನಂಬರ್ ಹಿಡಿದು ಯಾರ ಫೋನು ಎಲ್ಲೆಲ್ಲಿ ಓಡಾಡಿತು ಎಂದು ಲೆಕ್ಕ ಇಡುತ್ತಿದ್ದರು. ಅದನ್ನು ತಪ್ಪಿಸಲು 2019ರ ಆಂಡ್ರಾಯ್ಡ್ 10ರಿಂದ ಮತ್ತು 2020ರ ಐಫೋನ್ ಐಒಎಸ್ 14ರಿಂದ ಫೋನುಗಳು ಪ್ರತಿ ವೈಫೈಗೆ ತಮ್ಮ ನಿಜವಾದ ನಂಬರ್ ಬಿಟ್ಟು ಒಂದು ಹುಸಿ ನಂಬರ್ ಕೊಡುತ್ತವೆ. ಒಳ್ಳೆಯ ಉದ್ದೇಶವೇ. ಆದರೆ ಫೋನಿನ ಸೆಟ್ಟಿಂಗಿನಲ್ಲಿ ಹುಸಿ ನಂಬರಿನಿಂದ ಅಸಲಿ ನಂಬರಿಗೆ ಬದಲಿಸಿಕೊಂಡರೆ, ನೀವು ತಡೆದ ಫೋನು ಹೊಸ ಮುಖ ಹೊತ್ತು ಮತ್ತೆ ಬರುತ್ತದೆ. ಹುಸಿ ನಂಬರನ್ನು ಗುರುತಿಸಲು ಒಂದು ಉಪಾಯವಿದೆ: ಹನ್ನೆರಡರಲ್ಲಿ ಎರಡನೆಯ ಅಕ್ಷರ ನೋಡಿ. ಅದು 2, 6, ಅಥವಾ ಇಂಗ್ಲಿಷಿನ ಎ, ಇ ಇದ್ದರೆ ಅದು ಫೋನು ತಾನೇ ಹುಟ್ಟಿಸಿಕೊಂಡ ನಂಬರು. ನನ್ನ ಪಟ್ಟಿಯಲ್ಲಿ ಮುಕ್ಕಾಲು ಪಾಲು ಅಂಥವೇ ಇದ್ದವು. ಇಷ್ಟು ಸಾಲದೆಂದು, ತಿಳಿದವರು ನಿಮ್ಮ ಟಿವಿಯ ನಂಬರನ್ನೇ ನಕಲು ಮಾಡಿಕೊಂಡು ಒಳಬರಬಹುದು, ಏಕೆಂದರೆ ವೈಫೈಯಲ್ಲಿ ಈ ನಂಬರುಗಳು ಮುಚ್ಚುಮರೆ ಇಲ್ಲದೆ ಓಡಾಡುತ್ತವೆ.

ಹಾಗಾಗಿ ಹೊರಗಿನವರನ್ನು ತಡೆಯಲು ಮ್ಯಾಕ್ ಪಟ್ಟಿಯನ್ನು ನಂಬಬೇಡಿ ಎಂಬುದು ನನ್ನ ಅಭಿಪ್ರಾಯ. ಯೂಟ್ಯೂಬಿನಲ್ಲಿ ಅದನ್ನೇ ರಾಮಬಾಣ ಎಂದು ತೋರಿಸುವವರು ಬಹಳ. ಮನೆಯವರ ಸಾಧನಗಳಿಗೆ ಹೊತ್ತು ಗೊತ್ತು ಮಾಡಲು ಅದು ಉಪಯೋಗಕ್ಕೆ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ನಿಜವಾಗಿ ಕೆಲಸ ಮಾಡುವುದು ಹಳೆಯ ಉಪಾಯ, ಬೀಗ ಬದಲಿಸುವುದು. ವೈಫೈ ಪಾಸ್‌ವರ್ಡ್ ಬದಲಿಸಿದ ಗಳಿಗೆಯಲ್ಲೇ ಎಲ್ಲ ಸಾಧನಗಳೂ ಹೊರಬೀಳುತ್ತವೆ, ಅಸಲಿ ನಂಬರಿರಲಿ ಹುಸಿ ನಂಬರಿರಲಿ. ಆಮೇಲೆ ಬೇಕಾದವರಿಗೆ ಮಾತ್ರ ಹೊಸದನ್ನು ಹಾಕಿಕೊಡಿ. ಟಿವಿ, ಕ್ಯಾಮೆರಾ, ಮಗಳ ಲ್ಯಾಪ್‌ಟಾಪ್, ಪ್ರಿಂಟರ್ ಎಂದು ಮೊದಲೇ ಕಾಗದದ ಮೇಲೆ ಬರೆದುಕೊಂಡು ಕುಳಿತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಸೆಕ್ಯುರಿಟಿ ಎಂಬ ಕಡೆ 'ಡಬ್ಲ್ಯೂಪಿಎ2' ಅಥವಾ 'ಡಬ್ಲ್ಯೂಪಿಎ3' ಇರಲಿ. 'ಡಬ್ಲ್ಯೂಇಪಿ' ಅಥವಾ 'ಓಪನ್' ಎಂದಿದ್ದರೆ ಕೂಡಲೇ ತೆಗೆಯಿರಿ.

ಹೊಸ ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರ್ ಆಗಬಾರದು. ನಮ್ಮ ಕಡೆ ಲೈನ್ ಹಾಕಲು ಬಂದವರು ಕೇಳದೆಯೇ ಅದನ್ನೇ ಇಟ್ಟು ಹೋಗುತ್ತಾರೆ, ನಾವೂ 'ಮರೆಯುವುದಿಲ್ಲ' ಎಂದು ಸುಮ್ಮನಿರುತ್ತೇವೆ. ನಮ್ಮ ನಂಬರ್ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದವರೂ ಕಂಪ್ಯೂಟರಿನಿಂದ ಊಹಿಸಬಹುದು. 2021ರಲ್ಲಿ ಇಸ್ರೇಲಿನ ಟೆಲ್ ಅವೀವಿನಲ್ಲಿ ಭದ್ರತಾ ಸಂಶೋಧಕರೊಬ್ಬರು 5,000 ವೈಫೈಗಳನ್ನು ಪರೀಕ್ಷಿಸಿ ನೋಡಿದಾಗ ಶೇ. 70ರಷ್ಟರ ಪಾಸ್‌ವರ್ಡ್ ಸಿಕ್ಕಿಬಿಟ್ಟವು. ಬಹಳ ಮಂದಿ ಇಟ್ಟುಕೊಂಡಿದ್ದದ್ದು ಮೊಬೈಲ್ ನಂಬರನ್ನೇ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿ, ನಡುವೆ ಒಂದು ಅಂಕಿ ಹಾಕಿ. ತೊಗರಿ, ಹಾಸುಗಲ್ಲು, ಪ್ಯಾಸೆಂಜರ್ ಎಂದು ನಾನು ಯೋಚಿಸಿದ್ದೆ. ಇಲ್ಲಿ ಬರೆದುಬಿಟ್ಟಿದ್ದರಿಂದ ಅದು ಇನ್ನು ನನಗೂ ಬೇಡ, ನಿಮಗೂ ಬೇಡ.

'ಡಬ್ಲ್ಯೂಪಿಎಸ್' ಎಂಬುದು ಚಾಲು ಇದ್ದರೆ ಅದನ್ನೂ ಬಂದ್ ಮಾಡಿ. ಎಂಟು ಅಂಕಿಯ ಪಿನ್ ಹೊಡೆದು ಪಾಸ್‌ವರ್ಡ್ ಇಲ್ಲದೆ ಒಳಬರುವ ಬಾಗಿಲು ಅದು. ಎಂಟು ಅಂಕಿ ಎಂದರೆ ಕೋಟಿಗಟ್ಟಲೆ ಸಾಧ್ಯತೆ ಇರಬೇಕಲ್ಲವೆ? ಕೊನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿದ್ದು. ಜೊತೆಗೆ ರೂಟರ್ ಮೊದಲ ನಾಲ್ಕು ಸರಿಯೋ ತಪ್ಪೋ ಎಂದು ಬೇರೆಯಾಗಿ ಹೇಳಿಬಿಡುತ್ತದೆ. ಹಾಗಾಗಿ ಮೊದಲರ್ಧಕ್ಕೆ 10,000, ಉಳಿದ ಮೂರಕ್ಕೆ 1,000, ಒಟ್ಟು 11,000 ಸಲ ಪ್ರಯತ್ನಿಸಿದರೆ ಸಾಕು. ಇದು 2011ರಲ್ಲೇ ಬಯಲಾದ ವಿಷಯ, ಹಳೆಯ ಪೆಟ್ಟಿಗೆಗಳಲ್ಲಿ ಈಗಲೂ ಉಳಿದಿದೆ.

ಇಷ್ಟೆಲ್ಲ ಮಾಡಿದ ಮೇಲೆ ಮರುದಿನವೇ ಪಕ್ಕದ ಮನೆಯ ಕಾಕೂ ಬಂದು, "ಮಗಳಿಗೆ ವಿಡಿಯೊ ಕಾಲ್ ಮಾಡಬೇಕು" ಎಂದರೆ? ಇಲ್ಲ ಎನ್ನಲು ನಮ್ಮ ಊರುಗಳಲ್ಲಿ ಆಗುವುದಿಲ್ಲ, ಆಗಲೂಬಾರದು. ಮಜ್ಜಿಗೆ ಕೇಳಿದರೆ ಕೊಡುವವರು ವೈಫೈ ಇಲ್ಲ ಎಂದರೆ ಚೆನ್ನಾಗಿ ಕಾಣುವುದೂ ಇಲ್ಲ. ಅದಕ್ಕೆಂದೇ ಈಗಿನ ಬಹಳಷ್ಟು ರೂಟರುಗಳಲ್ಲಿ 'ಗೆಸ್ಟ್ ನೆಟ್‌ವರ್ಕ್' ಎಂಬುದು ಇದೆ. ಅದೇ ಪೆಟ್ಟಿಗೆಯಿಂದ ಎರಡನೆಯ ಹೆಸರು, ಎರಡನೆಯ ಪಾಸ್‌ವರ್ಡ್. ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಆದರೆ ಮನೆಯೊಳಗಿನ ಟಿವಿ, ಪ್ರಿಂಟರ್, ಕ್ಯಾಮೆರಾ ಕಾಣುವುದಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ 'ಐಸೊಲೇಷನ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಮಾತ್ರ ಈ ಗೋಡೆ ಏಳುತ್ತದೆ, ನೋಡಿಕೊಳ್ಳಿ. ಮನೆಯ ಪಾಸ್‌ವರ್ಡ್ ವರ್ಷಗಟ್ಟಲೆ ಹಾಗೆಯೇ ಇರಲಿ, ಅತಿಥಿಯದನ್ನು ಹಬ್ಬಕ್ಕೊಮ್ಮೆ ಬದಲಿಸಿ, ಬೇಡದಾಗ ಬಂದ್ ಮಾಡಿ. ನಾನು ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಎಂದು ಇಟ್ಟುಕೊಂಡಿದ್ದೇನೆ.

ಆದರೆ ತಾಂಡೂರಿನ ಸದಸ್ಯರ ಕಿರಾಯಿದಾರರಿಗೆ ಇದು ಉತ್ತರವಲ್ಲ. ಅತಿಥಿ ವೈಫೈಯಿಂದ ಹೊರಗೆ ಹೋದದ್ದಕ್ಕೂ ನಿಮ್ಮದೇ ಮೊಹರು. ಅರ್ಧ ಗಂಟೆ ಬಂದು ಹೋಗುವ ಕಾಕೂ ಬೇರೆ, ವರ್ಷವಿಡೀ ಮೇಲೆ ಇರುವ, ಅವರ ಬಳಿಗೆ ಯಾರ್ಯಾರು ಬರುತ್ತಾರೆಂದು ನಮಗೆ ತಿಳಿಯದ ಹುಡುಗರು ಬೇರೆ. ಅವರು ತಮ್ಮ ಹೆಸರಿನಲ್ಲೇ ಕನೆಕ್ಷನ್ ತೆಗೆದುಕೊಳ್ಳಲಿ. ಕಿರಾಯಿಯಲ್ಲಿ ನೂರಿನ್ನೂರು ಕಡಿಮೆ ಮಾಡಿಯಾದರೂ ಹಾಗೆ ಮಾಡಿಸಿ ಎಂದು ನಾನು ಅವರಿಗೆ ಹೇಳಿದೆ. ಅವರಿಗೆ ಅಷ್ಟು ರುಚಿಸಲಿಲ್ಲ.

ಜಹೀರಾಬಾದಿನ ಅಕ್ಕನವರ ಅಂಜಿಕೆಗೆ ಕಾರಣವಿದೆ. ಕ್ಯಾಮೆರಾ ಕೂಡ ಒಂದು ಸಣ್ಣ ಕಂಪ್ಯೂಟರ್, ಅದಕ್ಕೂ ಬೇರೆ ಪಾಸ್‌ವರ್ಡ್ ಇರುತ್ತದೆ, ಕಾರ್ಖಾನೆಯಿಂದ ಬಂದದ್ದನ್ನು ಯಾರೂ ಬದಲಿಸುವುದಿಲ್ಲ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಂ ಇಂಥ ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳೊಳಗೆ ಹೊಕ್ಕಿತು. ಅದು ಹೊಕ್ಕಿದ್ದು ಕಾರ್ಖಾನೆಯ ಪಾಸ್‌ವರ್ಡುಗಳ ಒಂದು ಪಟ್ಟಿ ಹಿಡಿದು. ಆ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳನ್ನೆಲ್ಲ ಒಟ್ಟಿಗೆ ಏಳಿಸಿ ಅಮೆರಿಕದಲ್ಲಿ ಟ್ವಿಟರ್‌ನಂಥ ದೊಡ್ಡ ತಾಣಗಳೇ ಹೊತ್ತುಗಟ್ಟಲೆ ಸಿಗದಂತೆ ಮಾಡಿದರು. ಅಕ್ಕನವರ ಮಗನಿಗೆ ಫೋನ್ ಮಾಡಿಸಿ ಕ್ಯಾಮೆರಾದ ಪಾಸ್‌ವರ್ಡ್ ಬದಲಿಸಿದ್ದಾಯಿತು. ಅದು ಮನೆಯ ವೈಫೈಯಲ್ಲಿರಲಿ, ಬಂದವರು ಅತಿಥಿ ವೈಫೈಯಲ್ಲಿರಲಿ.

ಮೊಮ್ಮಗನ ವಿಷಯಕ್ಕೆ ಮ್ಯಾಕ್ ಪಟ್ಟಿ ಬೇಕು. ಅವನ ಫೋನಿನಲ್ಲಿ ನಿಮ್ಮ ವೈಫೈ ಹೆಸರು ಒತ್ತಿ, 'ಪ್ರೈವಸಿ' ಎಂಬಲ್ಲಿ 'ಡಿವೈಸ್ ಮ್ಯಾಕ್' ಆರಿಸಿ. ಐಫೋನ್ ಆದರೆ 'ಪ್ರೈವೇಟ್ ವೈಫೈ ಅಡ್ರೆಸ್' ಬಂದ್ ಮಾಡಿ. ಈಗ ಅವನ ನಂಬರು ಸ್ಥಿರವಾಯಿತು. ರೂಟರಿನ 'ಪೇರೆಂಟಲ್ ಕಂಟ್ರೋಲ್'ನಲ್ಲಿ ಆ ನಂಬರಿಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ವರೆಗೆ ಇಂಟರ್ನೆಟ್ ಬೇಡ ಎಂದು ಹಾಕಬಹುದು. ಕೆಟ್ಟ ತಾಣಗಳನ್ನು ತಡೆಯಲು ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಎಂದು ಹಾಕಿದರೆ ಬಹುಪಾಲು ನಿಲ್ಲುತ್ತವೆ. ಆದರೆ ಅವನ ಫೋನಿನಲ್ಲಿ ಸಿಮ್ ಇದೆ, ದಿನಕ್ಕೆ ಒಂದೂವರೆ ಜಿಬಿ ಇದೆ. ವೈಫೈ ಹೋದರೆ ಅದನ್ನು ಹಚ್ಚುತ್ತಾನೆ. ಹಿರಿಯರಿಗೆ ಇದನ್ನು ಹೇಳಿದಾಗ, "ಹಂಗಾದ್ರ ರಾತ್ರಿ ಫೋನ್ ನನ್ನ ದಿಂಬಿನ ಕೆಳಗ ಇಡಿಸ್ತೀನಿ ಬಿಡ್ರಿ" ಎಂದರು. ಅದು ಯಾವ ರೂಟರಿಗಿಂತಲೂ ಗಟ್ಟಿ.

ಒಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಪಿನ್ನಿನಿಂದ ಒತ್ತುವ ಸಣ್ಣ ರಂಧ್ರವಿದೆ. ರಿಪೇರಿಗೆ ಬಂದವರು ಅದನ್ನು ಒತ್ತಿದರೆ ನೀವು ಮಾಡಿದ್ದೆಲ್ಲ ಅಳಿಸಿ, ಚೀಟಿಯ ಹಳೆಯ ಪಾಸ್‌ವರ್ಡೇ ಮತ್ತೆ ಬರುತ್ತದೆ. ನನ್ನ ಮನೆಯಲ್ಲಿ ಹೀಗಾಗಿ ಎರಡು ವಾರ ಗೊತ್ತೇ ಆಗಿರಲಿಲ್ಲ. ಅವರು ಹೋದ ಮೇಲೆ ಒಮ್ಮೆ ಪುಟ ತೆರೆದು ನೋಡಿ. ಪಾಸ್‌ವರ್ಡುಗಳನ್ನು ಒಂದು ಪುಸ್ತಕದಲ್ಲಿ ಬರೆದು ಬೀರುವಿನಲ್ಲಿಡಿ, ರೂಟರಿನ ಪಕ್ಕದ ಗೋಡೆಯ ಮೇಲೆ ಬೇಡ.

ಸಂಘದ ಕೋಣೆಯಲ್ಲಿ ಈಗ ಎರಡು ವೈಫೈ ಮಾಡಿದ್ದೇವೆ. ಟಿವಿ ಮತ್ತು ಕಚೇರಿಯ ಕಂಪ್ಯೂಟರಿಗೆ ಒಂದು, ಬರುವವರಿಗೆ ಇನ್ನೊಂದು. ಅತಿಥಿ ವೈಫೈ ಸಭೆಯ ದಿನ ಮಾತ್ರ ಚಾಲು ಇರುತ್ತದೆ, ವಿಡಿಯೊ ಭಾಷಣದ ಹೊತ್ತಿಗೆ ಅದನ್ನು ಬಂದ್ ಮಾಡಲಾಗುವುದು, ದಯವಿಟ್ಟು ಯಾರೂ ಬೇಸರ ಮಾಡಿಕೊಳ್ಳಬಾರದು. ಮುಂದಿನ ತಿಂಗಳ ಸಭೆಗೆ ಬರುವವರು ತಮ್ಮ ರೂಟರಿನ ಕೆಳಗಿನ ಚೀಟಿಯ ಫೋಟೊ ತೆಗೆದುಕೊಂಡು ಬನ್ನಿ, ಗ್ರೂಪಿಗೆ ಮಾತ್ರ ಹಾಕಬೇಡಿ. ಸಭೆ ಮುಗಿದ ಮೇಲೆ ಒಂದು ಗಂಟೆ ನಾನು ಮತ್ತು ನಮ್ಮ ಇಬ್ಬರು ಕಾಲೇಜು ಹುಡುಗರು ಕುಳಿತಿರುತ್ತೇವೆ, ಯಾವ ಪೆಟ್ಟಿಗೆಯಲ್ಲಿ ಯಾವುದು ಎಲ್ಲಿದೆ ಎಂದು ತೋರಿಸಿಕೊಡುತ್ತೇವೆ.

ಕಾರ್ಯದರ್ಶಿ